ಎಲೆಕ್ಟ್ರಿಕ್ ಪಿಕಪ್: ಟ್ರೇಲರ್ ಕಟ್ಟಿದರೆ ರೇಂಜ್ ಎಲ್ಲಿ ಹೋಗುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಓದುಗರವು, ಅದರಲ್ಲೂ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಎಲೆಕ್ಟ್ರಿಕ್ ಪಿಕಪ್ ಟ್ರಕ್ ಇಟ್ಟುಕೊಂಡವರವು. ಉತ್ತರಗಳಲ್ಲಿ ‘ಯೂನಿಟ್’ ಎಂದಿರುವುದು ಊರಿನ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್.

ಪ್ರಶ್ನೆ: ನಮ್ಮದು ದೊಡ್ಡ ಬ್ಯಾಟರಿಯ ಲೈಟ್ನಿಂಗ್. ಕಂಪನಿ ಹೇಳುವ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, 320 ಮೈಲಿ. 4,500 ಪೌಂಡ್ ತೂಕದ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಫ್ರೀಮಾಂಟ್‌ನಿಂದ ಲೇಕ್ ತಾಹೋ ಕಡೆಗೆ ಹೋಗಬೇಕು. ಒಂದೇ ಸಲ ಚಾರ್ಜ್ ಮಾಡಿದರೆ ಸಾಕೇ?

ಸಾಲದು. ಮೊದಲು 320 ಎಂಬ ಅಂಕಿಯನ್ನು ಬದಿಗಿಡಿ. ನಿಮ್ಮ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 131 ಯೂನಿಟ್. ಖಾಲಿ ಟ್ರಕ್ ಹೆದ್ದಾರಿಯಲ್ಲಿ ಯೂನಿಟ್‌ಗೆ ಸುಮಾರು 2 ಮೈಲಿ ಓಡುತ್ತದೆ. ಎತ್ತರದ, ಚಪ್ಪಟೆ ಮೂತಿಯ ಕ್ಯಾಂಪರ್ ಹಿಂದೆ ಬಿತ್ತೆಂದರೆ ಅದು ಒಂದು ಮೈಲಿಯ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ಕಾಟ ಕೊಡುವುದು ತೂಕಕ್ಕಿಂತ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 70ರಿಂದ 60 ಮೈಲಿ ವೇಗಕ್ಕೆ ಇಳಿದರೆ ಆ ತಡೆ ನಾಲ್ಕರಲ್ಲೊಂದು ಪಾಲು ಕಡಿಮೆ. ಹೇಗೂ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ 55 ಮೈಲಿಯೇ ಕಾನೂನಿನ ಮಿತಿ. ಅದನ್ನು ಪಾಲಿಸಿದರೆ ಯೂನಿಟ್‌ಗೆ 1.1 ಮೈಲಿ ಎಂದು ಲೆಕ್ಕ ಹಿಡಿಯಬಹುದು.

ಫ್ರೀಮಾಂಟ್‌ನಿಂದ ರೋಸ್‌ವಿಲ್‌ಗೆ ಸುಮಾರು 110 ಮೈಲಿ, ಹೆಚ್ಚುಕಮ್ಮಿ ಸಮತಟ್ಟು. 100 ಯೂನಿಟ್ ಖರ್ಚಾಗಿ ಬ್ಯಾಟರಿಯಲ್ಲಿ ಕಾಲು ಭಾಗ ಉಳಿಯುತ್ತದೆ. ನಿಜವಾದ ಪರೀಕ್ಷೆ ಅಲ್ಲಿಂದ ಮುಂದೆ. ರೋಸ್‌ವಿಲ್‌ನಿಂದ ತಾಹೋ ಹತ್ತಿರದ ಟ್ರಕ್ಕೀ ಎಂಬ ಊರಿಗೆ ಸುಮಾರು 85 ಮೈಲಿಯೇ ಆದರೂ ನಡುವೆ 7,200 ಅಡಿ ದಾಟಿದ ಡಾನರ್ ಸಮಿಟ್ ಘಟ್ಟ ಇದೆ. ಟ್ರಕ್, ಜನ, ಸಾಮಾನು, ಟ್ರೇಲರ್ ಎಲ್ಲ ಸೇರಿ 5,400 ಕಿಲೋ ಅಂದುಕೊಳ್ಳಿ. ಇಷ್ಟನ್ನು ಏಳು ಸಾವಿರ ಅಡಿ ಮೇಲಕ್ಕೆತ್ತುವುದಕ್ಕೇ 32 ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿಸಿದರೆ 35. ಅದರ ಜೊತೆಗೆ ದೂರದ ಲೆಕ್ಕದ 77. ಘಟ್ಟ ಇಳಿದು ಟ್ರಕ್ಕೀ ಸೇರುವಾಗ ನಾಲ್ಕು ಯೂನಿಟ್ ವಾಪಸ್ ಬಂದರೂ ಒಟ್ಟು 108. ಶೇಕಡಾ 80ರಷ್ಟು ಚಾರ್ಜ್ ಅಂದರೆ 105 ಯೂನಿಟ್. ಅಂದರೆ ರೋಸ್‌ವಿಲ್‌ನಲ್ಲಿ 80ಕ್ಕೆ ತುಂಬಿಸಿ ಹೊರಟರೆ ಟ್ರಕ್ಕೀ ಮುಟ್ಟುವುದಿಲ್ಲ.

ಹಾಗಾದರೆ ಅಲ್ಲೇ 100ಕ್ಕೆ ತುಂಬಿಸುವುದೇ? ಲೈಟ್ನಿಂಗ್ 150 ಕಿಲೋವ್ಯಾಟ್‌ ಆಚೀಚೆಗೆ ಚಾರ್ಜ್ ಆಗುತ್ತದೆ, 10ರಿಂದ 80ಕ್ಕೆ 40-45 ನಿಮಿಷ ಸಾಕು. 80 ದಾಟಿದ ಮೇಲೆ ವೇಗ ಕುಸಿಯುವುದರಿಂದ ಕೊನೆಯ 20ಕ್ಕೇ ಇನ್ನೊಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅದರ ಬದಲು ರೋಸ್‌ವಿಲ್‌ನಲ್ಲಿ 80ಕ್ಕೆ ನಿಲ್ಲಿಸಿ, ಆಬರ್ನ್ ಅಥವಾ ಕೋಲ್‌ಫ್ಯಾಕ್ಸ್ ಹತ್ತಿರ ಇನ್ನೊಂದು ಚಾರ್ಜರ್ ನೋಡಿಟ್ಟುಕೊಂಡು ಅಲ್ಲಿ ಕಾಲು ಗಂಟೆ ಹಾಕುವುದೇ ಜಾಣತನ. ಗುರಿಯ ಚಾರ್ಜರನ್ನು ಟ್ರಕ್ಕಿನದೇ ನ್ಯಾವಿಗೇಷನ್‌ನಲ್ಲಿ ಹಾಕಿ; ಆಗ ಬ್ಯಾಟರಿ ದಾರಿಯಲ್ಲೇ ಬಿಸಿಯಾಗಿ ಚಾರ್ಜಿಂಗಿಗೆ ತಯಾರಾಗಿರುತ್ತದೆ. ಟ್ರೇಲರ್ ಸೆಟ್ಟಿಂಗ್‌ನಲ್ಲಿ ಅದರ ತೂಕ, ಎತ್ತರ, ಅಗಲವನ್ನೂ ತುಂಬಿಸಿ, ಇಲ್ಲದಿದ್ದರೆ ಪರದೆಯ ಮೇಲಿನ ರೇಂಜ್ ಮೊದಲ ಇಪ್ಪತ್ತು ಮೈಲಿ ಬರೀ ಸುಳ್ಳು ಹೇಳುತ್ತದೆ. ವಾಪಸ್ ಬರುವಾಗ ಲೆಕ್ಕ ತಿರುವುಮುರುವು: ಟ್ರಕ್ಕೀಯಿಂದ 75ಕ್ಕೆ ಹೊರಟರೆ ಧಾರಾಳ. ತುಂಬಿದ ಬ್ಯಾಟರಿಯೊಂದಿಗೆ ಉದ್ದದ ಇಳಿಜಾರಿಗೆ ಇಳಿದರೆ ವೇಗ ತಗ್ಗಿಸುವಾಗ ಮೋಟಾರ್ ವಾಪಸ್ ಕೊಡುವ (ರೀಜನ್) ಕರೆಂಟಿಗೆ ಜಾಗವಿರುವುದಿಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ.

ನೀವು ಕೇಳದ ಒಂದು ಮಾತು: 10,000 ಪೌಂಡ್ ಎಳೆಯುತ್ತದೆ ಎಂಬ ಜಾಹೀರಾತಿಗಿಂತ ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಹಳದಿ ಸ್ಟಿಕ್ಕರ್ ಮುಖ್ಯ. ಅದರಲ್ಲಿ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ, 1,600 ಪೌಂಡ್ ಎಂದಿದೆ ಎನ್ನಿ. ಟ್ರೇಲರಿನ ಮೂತಿ ಟ್ರಕ್ಕಿನ ಮೇಲೆ ಊರುವ ಭಾರ ಅದರ ತೂಕದ ಶೇ. 12 ಎಂದರೆ 540, ನಾಲ್ಕು ಜನ 620, ಹಿಂದಿನ ಬೆಡ್‌ನಲ್ಲಿ ಟೆಂಟು-ಐಸ್‌ಬಾಕ್ಸು 300, ಮುಂದಿನ ಬಾನೆಟ್ ಕೆಳಗಿನ ಡಿಕ್ಕಿ, ಅಂದರೆ ಫ್ರಂಕ್‌ನಲ್ಲಿ 150. ಒಟ್ಟು 1,610, ಮಿತಿ ಅಲ್ಲಿಗೇ ಮೀರಿತು. ಬಹುಪಾಲು ಚಾರ್ಜರ್‌ಗಳಲ್ಲಿ ಟ್ರೇಲರ್ ಸಮೇತ ನಿಲ್ಲಲು ಜಾಗವಿಲ್ಲ. ಬಿಚ್ಚಿಡಬೇಕಾಗುತ್ತದೆ, ಚಕ್ರಕ್ಕೆ ಕೊಡುವ ಎರಡು ಅಡೆಗಳನ್ನು ಕೈಗೆ ಸಿಗುವಲ್ಲಿಡಿ.

ಪ್ರಶ್ನೆ: ಟ್ರಕ್ಕಿನ ಬೆಡ್‌ನಲ್ಲಿ 240 ವೋಲ್ಟ್ ಸಾಕೆಟ್ ಇದೆ. ಊರಿಂದ ತಂದ ಮಿಕ್ಸಿ ಮತ್ತು ಟೇಬಲ್‌ಟಾಪ್ ಗ್ರೈಂಡರನ್ನು ಕ್ಯಾಂಪಿಂಗ್‌ನಲ್ಲಿ ಅದಕ್ಕೇ ಹಾಕಬಹುದೇ? (ಸಿಯಾಟಲ್)

ವೋಲ್ಟೇಜ್ ಹೊಂದುತ್ತದೆ, ವೈರಿಂಗ್ ಹೊಂದುವುದಿಲ್ಲ. ಊರಿನ ಸಾಕೆಟ್‌ನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಟ್ರಕ್ಕಿನ ಸಾಕೆಟ್‌ನಲ್ಲಿ ತಲಾ 120 ವೋಲ್ಟಿನ ಎರಡು ಫೇಸ್ ತಂತಿಗಳು ಸೇರಿ 240 ಆಗುತ್ತದೆ. ಮಿಕ್ಸಿಯ ಸ್ವಿಚ್ ಒಂದೇ ತಂತಿಯನ್ನು ಕಡಿಯುವುದರಿಂದ ‘ಆಫ್’ ಮಾಡಿದ ಮೇಲೂ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಮೇಲಾಗಿ ಆ ಸಾಕೆಟ್‌ನ ಬ್ರೇಕರ್ 30 ಆಂಪ್‌ನದು; ಮಿಕ್ಸಿಯ ತೆಳು ವೈರ್ ಸುಟ್ಟು ಕರಕಲಾದರೂ ಅದು ಟ್ರಿಪ್ ಆಗಬೇಕೆಂದಿಲ್ಲ. ಮನೆಯಲ್ಲೇ ಅಡಾಪ್ಟರ್ ಮಾಡಿ ಚುಚ್ಚುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಅಲ್ಲೇ ಪಕ್ಕದ 120 ವೋಲ್ಟಿನ ಸಾಕೆಟ್‌ಗೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿ ಮಿಕ್ಸಿ ನಡೆಸಬಹುದು. 750 ವ್ಯಾಟ್ ಮಿಕ್ಸಿಗೆ 1,500 ವ್ಯಾಟಿನದೇ ಇರಲಿ, ಶುರುವಿನಲ್ಲಿ ಮೋಟಾರ್ ಎಳೆಯುವ ಕರೆಂಟ್ ಜಾಸ್ತಿ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇರುವುದರಿಂದ 50 ಹರ್ಟ್ಸ್, 60 ಹರ್ಟ್ಸ್ ಎರಡೂ ಅದಕ್ಕೆ ಒಂದೇ. ಗ್ರೈಂಡರ್ ಹಾಗಲ್ಲ. ಅದರದು ಇಂಡಕ್ಷನ್ ಮೋಟಾರ್, ಅಮೆರಿಕದ 60 ಹರ್ಟ್ಸ್‌ನಲ್ಲಿ ಶೇ. 20ರಷ್ಟು ಜೋರಾಗಿ ತಿರುಗುತ್ತದೆ. ಕಲ್ಲು ಕುಣಿಯುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಿಸುವುದು ವೋಲ್ಟೇಜನ್ನು ಮಾತ್ರ. ಇಂಡಿಯನ್ ಸ್ಟೋರ್‌ಗಳಲ್ಲಿ 110 ವೋಲ್ಟಿನದೇ ಸಿಗುತ್ತದೆ, ಅದೇ ವಾಸಿ. ದೋಸೆ ಹಿಟ್ಟನ್ನಂತೂ ಮನೆಯಲ್ಲೇ ರುಬ್ಬಿ ಐಸ್‌ಬಾಕ್ಸಿನಲ್ಲಿಟ್ಟು ಒಯ್ಯಿರಿ.

ಅಡುಗೆಗೆ ಬ್ಯಾಟರಿ ಖಾಲಿಯಾದೀತೆಂಬ ಭಯ ಬೇಡ. 1,800 ವ್ಯಾಟಿನ ಇಂಡಕ್ಷನ್ ಒಲೆಯನ್ನು ಒಂದು ಗಂಟೆ ಪೂರ್ತಿ ಉರಿಸಿದರೂ ಹೋಗುವುದು ನಾಲ್ಕು ಮೈಲಿಗಿಂತ ಕಡಿಮೆ. ಮಲಗುವ ಮುಂಚೆ ಸಾಕೆಟ್‌ಗಳನ್ನು ಮಾತ್ರ ಪರದೆಯಲ್ಲಿ ಆಫ್ ಮಾಡಿ. ಏನೂ ಚುಚ್ಚಿರದಿದ್ದರೂ ಟ್ರಕ್ ಎಚ್ಚರವಾಗಿರುವಷ್ಟು ಹೊತ್ತು ಕರೆಂಟ್ ತಿನ್ನುತ್ತಲೇ ಇರುತ್ತದೆ.

ಪ್ರಶ್ನೆ: ಗ್ಯಾರೇಜಿನ 14-50 (240 ವೋಲ್ಟ್, 50 ಆಂಪ್) ಸಾಕೆಟ್‌ನಲ್ಲಿ ರಾತ್ರಿ ಚಾರ್ಜ್ ಮಾಡುತ್ತೇವೆ. ಈಚೆಗೆ ಸುಟ್ಟ ವಾಸನೆ ಬರುತ್ತಿದೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. (ಫ್ರಿಸ್ಕೋ, ಟೆಕ್ಸಸ್)

ಇವತ್ತೇ ಬ್ರೇಕರ್ ಇಳಿಸಿ, ಆಮೇಲೆ ಮುಂದೆ ಓದಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 14-50 ಸಾಕೆಟ್ ಕರೆಂಟ್ ಒಲೆಗೆಂದು ಮಾಡಿದ್ದು. ಒಲೆ ಆಗಾಗ ಆನ್-ಆಫ್ ಆಗುತ್ತದೆ. ಟ್ರಕ್ 40 ಆಂಪ್ ಕರೆಂಟನ್ನು ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಹಿಡಿತ ಸಡಿಲವಾದಲ್ಲಿ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ಸಾಕೆಟ್ ಬದಲಿಸಿದರೆ ಸಾಲದು. ಒಳಗಿನ ವೈರಿನ ಸುಟ್ಟ ತುದಿಯನ್ನು ಕತ್ತರಿಸಿ ಹೊಸದಾಗಿ ಕೂರಿಸಬೇಕು, ಚಾರ್ಜರಿನ ಪ್ಲಗ್ ಪಿನ್‌ಗಳನ್ನೂ ನೋಡಬೇಕು. ಹೊಸದು ಹಬಲ್ ಅಥವಾ ಬ್ರೈಂಟ್‌ನಂಥ ಇಂಡಸ್ಟ್ರಿಯಲ್ ದರ್ಜೆಯದಿರಲಿ. ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡುವ ಎಲೆಕ್ಟ್ರಿಷಿಯನ್‌ಗೇ ಕೆಲಸ ಕೊಡಿ.

ಅದಕ್ಕಿಂತ ಒಳ್ಳೆಯದು ಸಾಕೆಟ್ಟೇ ಇಲ್ಲದೆ ನೇರ ವೈರಿಂಗ್. 60 ಆಂಪ್ ಬ್ರೇಕರ್ ಹಾಕಿದರೆ 48 ಆಂಪ್, ಅಂದರೆ ಗಂಟೆಗೆ 11.5 ಯೂನಿಟ್ ಸಿಗುತ್ತದೆ. ಇಲ್ಲೊಂದು ತಪ್ಪು ಪದೇಪದೇ ಕಾಣುತ್ತದೆ: ಗೋಡೆಯೊಳಗೆ ಎಳೆಯುವ 6 ಗೇಜ್ ರೋಮೆಕ್ಸ್ ಕೇಬಲ್‌ನ ಮಿತಿ 55 ಆಂಪ್, 60ರ ಬ್ರೇಕರಿನ ಈ ಕೆಲಸಕ್ಕೆ ಅದು ಆಗದು. ಪೈಪಿನೊಳಗೆ ಬಿಡಿ ತಾಮ್ರದ 6 ಗೇಜ್ ವೈರ್ ಆಗುತ್ತದೆ, ಇಲ್ಲವೇ 4 ಗೇಜ್ ಕೇಬಲ್ ಹಾಕಿಸಿ (ಗೇಜ್ ಸಂಖ್ಯೆ ಇಳಿದಷ್ಟೂ ವೈರ್ ದಪ್ಪ). ಅಷ್ಟು ವೇಗ ಬೇಕೇ ಎಂಬುದೂ ಪ್ರಶ್ನೆ. ದಿನಕ್ಕೆ 40 ಮೈಲಿ ಓಡಾಟವೆಂದರೆ 20 ಯೂನಿಟ್. ಚಾರ್ಜರನ್ನು 24 ಆಂಪ್‌ಗೆ ಇಳಿಸಿದರೂ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಸಾಕೆಟ್‌ನ ಬಿಸಿಯೂ 40 ಆಂಪ್‌ನಲ್ಲಿ ಆಗುವುದರ ಶೇ. 36ಕ್ಕೆ ಇಳಿಯುತ್ತದೆ.

ಪ್ರಶ್ನೆ: ಟೆಸ್ಲಾ ಸೂಪರ್‌ಚಾರ್ಜರ್‌ನಲ್ಲಿ ಕೇಬಲ್ ನಮ್ಮ ಟ್ರಕ್ಕಿಗೆ ಎಟುಕುವುದಿಲ್ಲ. ಪಕ್ಕದವರು ಜಗಳಕ್ಕೆ ಬರುತ್ತಾರೆ.

2024ರ ಫೆಬ್ರವರಿ ಕೊನೆಯಿಂದ ಫೋರ್ಡ್ ವಾಹನಗಳಿಗೆ ಇವು ತೆರೆದಿವೆ, ಆದರೆ ಕೇಬಲಿನ ಉದ್ದ ಟೆಸ್ಲಾ ಕಾರಿನ ಅಳತೆಯದು. ಅವರ ಚಾರ್ಜ್ ಬಾಗಿಲು ಹಿಂದೆ ಎಡಕ್ಕೆ, ನಿಮ್ಮದು ಮುಂದೆ ಎಡಕ್ಕೆ. ಮೂತಿ ಒಳಗೆ ಮಾಡಿ ನಿಂತಾಗ ಎಟುಕುವುದು ಪಕ್ಕದ ಜಾಗದ ಕೇಬಲ್. ಸಾಲಿನ ತುದಿಯಲ್ಲಿ ನಿಮ್ಮ ಎಡಬದಿಯ ಕಂಬ ಯಾರಿಗೂ ಬೇಡದ ಜಾಗ ಸಿಕ್ಕರೆ ಅಲ್ಲಿಗೇ ಹೋಗಿ, ಅಥವಾ ಉದ್ದ ಕೇಬಲಿನ ಹೊಸ ವಿ4 ಕಂಬ ಹುಡುಕಿ. ಟೆಸ್ಲಾ ಪ್ಲಗ್ಗನ್ನು ನಿಮ್ಮ ಟ್ರಕ್ಕಿಗೆ ಹೊಂದಿಸುವ ಅಡಾಪ್ಟರ್ ಡಿಸಿ ಫಾಸ್ಟ್ ಚಾರ್ಜಿಂಗ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಹೋಟೆಲುಗಳ ಎಸಿ ಚಾರ್ಜರ್‌ಗೆ ಬಳಸುವ ಸಣ್ಣ ಅಡಾಪ್ಟರ್ ಬೇರೆಯದು.

ಪ್ರಶ್ನೆ: ಆರು ವಾರ ಊರಿಗೆ ಹೋಗುತ್ತಿದ್ದೇವೆ. ಟ್ರಕ್ಕನ್ನು ಹೇಗೆ ಬಿಡಬೇಕು? (ನ್ಯೂಜೆರ್ಸಿ)

ದೊಡ್ಡ ಬ್ಯಾಟರಿಯನ್ನು 50ರ ಹತ್ತಿರ ಬಿಡಿ, 100ಕ್ಕೆ ತುಂಬಿಸಿ ಬಿಡಬೇಡಿ. ಕೈಕೊಡುವುದು ಸಾಮಾನ್ಯವಾಗಿ ಅದಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಬೆಂಗಳೂರಿನಲ್ಲಿ ಕೂತು ದಿನಕ್ಕೆ ನಾಲ್ಕು ಸಲ ಆ್ಯಪ್ ತೆರೆದರೆ ಪ್ರತಿ ಸಲವೂ ಟ್ರಕ್ಕಿನ ಕಂಪ್ಯೂಟರುಗಳು ಎದ್ದು ಅದರ ಚಾರ್ಜ್ ಹೀರುತ್ತವೆ. ಗ್ಯಾರೇಜಿನಲ್ಲಿದ್ದರೆ ಅದನ್ನು ತುಂಬಿಟ್ಟಿರುವ 12 ವೋಲ್ಟ್ ಮೇಂಟೇನರ್ ಹಾಕಿ. ಸತ್ತ ಬ್ಯಾಟರಿ ಎಬ್ಬಿಸುವ ಜಂಪ್ ಪ್ಯಾಕನ್ನು ಫ್ರಂಕ್‌ನಲ್ಲಿ ಮಾತ್ರ ಇಡಬೇಡಿ, ಫ್ರಂಕ್ ತೆರೆಯುವುದೂ ಆ 12 ವೋಲ್ಟಿನಿಂದಲೇ. ಹಿಂದಿನ ಸೀಟಿನ ಕೆಳಗಿಡಿ. ಕೀ ಫಾಬ್‌ನೊಳಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆಯುತ್ತದೆ.

ಪ್ರಶ್ನೆ: ಮೈಸೂರಿಗೆ ವಾಪಸಾಗುವಾಗ ಹಡಗಿನಲ್ಲಿ ಒಯ್ಯಬಹುದೇ?

ಆಗುವುದಿಲ್ಲ. ಭಾರತಕ್ಕೆ ತರುವ ವಾಹನದ ಸ್ಟಿಯರಿಂಗ್ ಬಲಕ್ಕಿರಬೇಕು, ಲೈಟ್ನಿಂಗ್ ತಯಾರಾದದ್ದೇ ಎಡ ಸ್ಟಿಯರಿಂಗ್‌ನಲ್ಲಿ. ಭಾರತದ ಫಾಸ್ಟ್ ಚಾರ್ಜರ್‌ಗಳು ಸಿಸಿಎಸ್2 ಎಂಬ ಪ್ಲಗ್ಗಿನವು, ಟ್ರಕ್ಕಿನ ಸಾಕೆಟ್ ಅದಕ್ಕೆ ಕೂರದ ಸಿಸಿಎಸ್1. ಸುಮಾರು 19 ಅಡಿ ಉದ್ದ, ಕನ್ನಡಿ ಬಿಟ್ಟೇ ಆರೂವರೆ ಅಡಿ ಮೀರಿದ ಅಗಲ. ಹೊರಡುವ ಎರಡು-ಮೂರು ತಿಂಗಳ ಮುಂಚೆ ಅಲ್ಲೇ ಮಾರಾಟಕ್ಕಿಡಿ.