ಬೈಪೋಲಾರ್ ಕಾಯಿಲೆ ಇರುವ ತಾಯಿ ಮಗುವಿನ ಸುಪರ್ದಿ ಕೇಳುವಾಗ ಅದನ್ನು ಮುಚ್ಚಿಡಬೇಕೇ?

ಬೇಡ, ಮುಚ್ಚಿಡಬೇಡಿ. ‘ತಲೆ ಕೆಟ್ಟವಳ ಕೈಗೆ ಮಗು ಕೊಡಬೇಡಿ’ ಎಂದು ಪತಿಯ ಕಡೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ನನಗೂ ಇದೇ ಕಾಯಿಲೆ; ಮನಸ್ಸು ಕೆಲಕಾಲ ಅತಿಯಾದ ಉತ್ಸಾಹದ ಉನ್ಮಾದಕ್ಕೆ, ಕೆಲಕಾಲ ಆಳವಾದ ಖಿನ್ನತೆಗೆ ಜಾರುತ್ತದೆ. ಮಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ನನ್ನ ಮೇಲೂ ಇದೇ ಆರೋಪವಿತ್ತು.

ಆಸ್ಪತ್ರೆ ಸೇರಿದ್ದು, ಉನ್ಮಾದದಲ್ಲಿದ್ದಾಗ ಕೈಮೀರಿ ಖರ್ಚು ಮಾಡಿದ್ದು, ಎಲ್ಲವನ್ನೂ ನಿಮ್ಮ ವಕೀಲರಿಗೆ ಮೊದಲೇ ಹೇಳಿ. ಎದುರು ಪಕ್ಷದವರು ಅದನ್ನು ಹೊರಗೆಳೆದರೆ ಕಾಯಿಲೆಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ನ್ಯಾಯಾಧೀಶರು ಸಾಮಾನ್ಯವಾಗಿ ತೂಗುವುದು ಮಗುವಿನ ಹಿತವನ್ನು. ಕಾಯಿಲೆ ಹತೋಟಿಯಲ್ಲಿದೆಯೇ, ಅದು ಮರುಕಳಿಸಿದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿರಬೇಕು.

ಮನಸ್ಸಿನ ಈ ಏರಿಳಿತವನ್ನು ಹತೋಟಿಯಲ್ಲಿಡಲು ನಾನು ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುತ್ತೇನೆ. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾದರೆ ವಿಷವಾಗುತ್ತದೆ, ಕಡಿಮೆಯಾದರೆ ಫಲವಿಲ್ಲ. ಆದ್ದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ‘ಇವಳು ಮಾತ್ರೆ ನುಂಗುವುದೇ ಇಲ್ಲ’ ಎಂಬ ಆರೋಪ ಬಂದಾಗ ನನ್ನ ವಕೀಲರು ಆ ವರದಿಗಳನ್ನೇ ಮುಂದಿಟ್ಟರು. ಮನೋವೈದ್ಯರ ಪತ್ರದಲ್ಲಿಯೂ ‘ಆರೋಗ್ಯವಾಗಿದ್ದಾರೆ’ ಎಂಬ ಒಂದು ಸಾಲು ಸಾಲದು. ಎಂದಿನಿಂದ ಚಿಕಿತ್ಸೆ, ಕೊನೆಯ ಬಾರಿ ಕಾಯಿಲೆ ಉಲ್ಬಣಿಸಿದ್ದು ಯಾವಾಗ, ಮುನ್ಸೂಚನೆಗಳು ನಿಮಗೆ ತಿಳಿಯುತ್ತವೆಯೇ ಎಂಬುದನ್ನೂ ಬರೆಸಿಕೊಳ್ಳಿ. ನನಗೆ ಉನ್ಮಾದದ ಮೊದಲ ಗುರುತು ನಿದ್ರೆ ಇಲ್ಲದಿದ್ದರೂ ದಣಿವಾಗದಿರುವುದು. ಹಾಗಾದರೆ ಅಕ್ಕ ಬಂದು ಮಗಳ ಜೊತೆಗಿರುತ್ತಾಳೆ, ನಾನು ವೈದ್ಯರನ್ನು ಕಾಣುತ್ತೇನೆ. ಇದನ್ನು ಲಿಖಿತವಾಗಿಯೇ ಕೊಟ್ಟಿದ್ದೆವು.

ಆದರೆ ಗುಣವಾಗಿದೆ ಎಂದು ತೋರಿಸಲು ದಯವಿಟ್ಟು ಔಷಧ ಬಿಡಬೇಡಿ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರಳುವ ಅಪಾಯ ಹೆಚ್ಚು.

ನನ್ನನ್ನು ಹೆಚ್ಚು ನೋಯಿಸಿದ್ದು ನ್ಯಾಯಾಲಯವಲ್ಲ, ಮನೆಯವರು. ಮಗುವನ್ನು ಕಳೆದುಕೊಳ್ಳುವ ಭಯದಲ್ಲಿ ಯಾವ ತಾಯಿ ಅಳುವುದಿಲ್ಲ, ಯಾರು ದನಿ ಏರಿಸುವುದಿಲ್ಲ? ನಾವು ಹಾಗೆ ಮಾಡಿದರೆ ‘ಇವತ್ತು ಮಾತ್ರೆ ತೆಗೆದುಕೊಂಡೆಯಾ?’ ಎನ್ನುತ್ತಾರೆ. ನ್ಯಾಯವಾದ ಸಿಟ್ಟನ್ನೂ ರೋಗಲಕ್ಷಣದ ಲೆಕ್ಕಕ್ಕೆ ಬರೆಯುವುದು ಕ್ರೌರ್ಯ. ಇಷ್ಟು ವರ್ಷಗಳಾದರೂ ನಾನದನ್ನು ಒಪ್ಪಿಲ್ಲ. ಆದರೂ ಪ್ರಕರಣ ಮುಗಿಯುವವರೆಗೆ ಪತಿಯ ಕಡೆಯವರಿಗೆ ಕಳಿಸುವ ಸಂದೇಶಗಳು ಚಿಕ್ಕದಾಗಿರಲಿ, ಮಗುವಿನ ವಿಷಯಕ್ಕಷ್ಟೇ ಇರಲಿ. ಅವು ನಾಳೆ ಸಾಕ್ಷ್ಯವಾಗಬಹುದು.

ಮೊದಮೊದಲು ಇನ್ನೊಬ್ಬರ ಸಮ್ಮುಖದಲ್ಲಷ್ಟೇ ಮಗಳನ್ನು ನೋಡಲು ನನಗೆ ಅನುಮತಿಯಿತ್ತು. ಅವಮಾನವೆನಿಸಿತು, ಆದರೆ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ. ಆ ಭೇಟಿಗಳ ದಾಖಲೆಯೇ ಮುಂದೆ ನನ್ನ ಪರವಾಗಿ ನಿಂತಿತು. ಮಗಳು ಈಗ ನನ್ನ ಜೊತೆಗಿದ್ದಾಳೆ.

ವೈದ್ಯರ ಪತ್ರ ಕೈಸೇರಲು ತಡವಾಗಬಹುದು. ವಿಚಾರಣೆ ಹತ್ತಿರವಾಗುವವರೆಗೆ ಕಾಯದೆ ಈ ವಾರವೇ ಕೇಳಿ.