ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ

ಪ್ರಶ್ನೆ: ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್‌ಗೆ ಸುಮಾರು 14,500 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದರೆ 16 ಗಂಟೆ ಸಾಕು, ಅಲ್ವಾ? ಟಿಕೆಟ್‌ನಲ್ಲಿ 17 ಗಂಟೆಗೂ ಜಾಸ್ತಿ ಇದೆ. ವಾಪಸ್ ಬರಲು ಅದಕ್ಕಿಂತ ಕಡಿಮೆ. ಏಕೆ?

ಉತ್ತರ: ನಿಮ್ಮ ಭಾಗಾಕಾರ ಸರಿ. ಆದರೆ 14,500 ಎನ್ನುವುದು ಗ್ಲೋಬಿನ ಮೇಲೆ ದಾರ ಎಳೆದು ಹಿಡಿದರೆ ಸಿಗುವ ದೂರ. ನಾನೂ ಒಮ್ಮೆ ಮಗಳ ಗ್ಲೋಬಿನ ಮೇಲೆ ಹೊಲಿಗೆ ದಾರ ಇಟ್ಟು ನೋಡಿದ್ದೆ. ಗೋಡೆ ನಕ್ಷೆಯ ನೇರ ಗೆರೆಗೂ ಅದಕ್ಕೂ ತಾಳೆಯೇ ಆಗಲಿಲ್ಲ! ವಿಮಾನ ಆ ದಾರದ ಮೇಲೂ ಪೂರ್ತಿ ಹೋಗುವುದಿಲ್ಲ, ಅಲ್ಲಲ್ಲಿ ಸುತ್ತಿ ಬಳಸುತ್ತದೆ. ಟಿಕೆಟ್‌ನ ಸಮಯದಲ್ಲಿ ರನ್‌ವೇವರೆಗೆ ತೆವಳುವ ಹೊತ್ತೂ ಸೇರಿದೆ.

ಹೋಗಿ ಬರುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಕೆಲವೊಮ್ಮೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಲಂಡನ್‌ಗೆ ಹೋಗುವಾಗ ಅದು ಎದುರು, ಪರ್ತ್‌ಗೆ ಬರುವಾಗ ಬೆನ್ನಿಗೆ.

ಸುಮ್ನೆ ಗಡಿಯಾರ ನೋಡಿ ಮಾತ್ರ ಲೆಕ್ಕ ಹಾಕಬೇಡಿ. ಪರ್ತ್ ಗಡಿಯಾರ ಲಂಡನ್‌ಗಿಂತ 8 ಗಂಟೆ ಮುಂದೆ. ಲಂಡನ್ನಿನ ಬೇಸಿಗೆಯಲ್ಲಿ 7 ಗಂಟೆ. ಸಂಜೆ ಹತ್ತಿದವರು ಮರುದಿನ ಬೆಳಗಿನ ಜಾವ ಇಳಿದು, ಹತ್ತೇ ಗಂಟೆ ಹಿಡಿಯಿತು ಅಂದುಕೊಳ್ಳಬಹುದು. ಸೊಂಟ ಒಪ್ಪುವುದಿಲ್ಲ.