ಸ್ಟೀವ್ ಜಾಬ್ಸ್ ನಿಜಕ್ಕೂ ವಿಡಿಯೊ ಗೇಮ್ ಲೋಕವನ್ನು ಬದಲಿಸಿದರಾ?

ನಿಮ್ಮ ರೂಮ್‌ಮೇಟ್ ಹೇಳೋದು ಇಷ್ಟು, ಅಲ್ವಾ? 'ಬ್ರೇಕೌಟ್' ಅನ್ನೋ ಹಳೇ ಆಟ ಮಾಡಿದ್ದೇ ಸ್ಟೀವ್ ಜಾಬ್ಸ್, ಇವತ್ತಿನ ಗೇಮಿಂಗ್‌ಗೆಲ್ಲ ಅವರೇ ಮೂಲಪುರುಷ ಅಂತ. ನಿಮಗೆ ಅದು ಆಪಲ್ ಅಭಿಮಾನಿಗಳ ಬಿಲ್ಡಪ್ ಅನ್ನಿಸಿದೆ. ನನ್ನ ಪ್ರಕಾರ ಇಬ್ಬರೂ ಅರ್ಧರ್ಧ ಸರಿ. ಆಟ ಕಟ್ಟೋದರಲ್ಲಿ ಜಾಬ್ಸ್ ಪಾಲು ತೀರಾ ಕಡಿಮೆ. ಆದರೆ ಕಟ್ಟಿದ ಆಟ ಜನರ ಕೈಗೆ ಹೋಗೋ ದಾರಿ ಇದೆಯಲ್ಲ, ಅದನ್ನು ಅವರಷ್ಟು ತಿರುಗಿಸಿದವರು ಜಾಸ್ತಿ ಜನ ಇಲ್ಲ. ತಮಾಷೆ ಏನೆಂದರೆ ಅದನ್ನು ಅವರು ಆಟಕ್ಕೋಸ್ಕರ ಮಾಡಲೇ ಇಲ್ಲ.

ಮಂಡ್ಯದಲ್ಲಿ ನೂರಡಿ ರಸ್ತೆ ಪಕ್ಕದ ಒಂದು ಕ್ರಾಸಿನಲ್ಲಿ ನನ್ನದು ಮೊಬೈಲ್ ಸರ್ವೀಸ್ ಅಂಗಡಿ. ಹಾಗಾಗಿ ಕಂಪನಿಗಳ ಕಥೆ ಹೇಳಿದರೂ ಕೊನೆಗೆ ನಾನು ನೋಡೋದು ಕೌಂಟರ್ ಈಚೆಯಿಂದಲೇ.

ಮೊದಲು ಬ್ರೇಕೌಟ್. 1974ರಲ್ಲಿ ಜಾಬ್ಸ್ ವಿಡಿಯೊ ಗೇಮ್ ಮಾಡೋ ಅಟಾರಿ ಕಂಪನಿಗೆ ಟೆಕ್ನಿಷಿಯನ್ ಆಗಿ ಸೇರಿದರು. ಮಧ್ಯೆ ಕೆಲಸ ಬಿಟ್ಟು ನಮ್ಮ ದೇಶ ಸುತ್ತಿ ಮತ್ತೆ ಅಲ್ಲಿಗೇ ಹೋದರು. ಅಟಾರಿ ಕಟ್ಟಿದ ನೋಲನ್ ಬುಶ್ನೆಲ್‌ಗೆ ಇಟ್ಟಿಗೆ ಗೋಡೆಗೆ ಚೆಂಡು ಹೊಡೆದು ಕೆಡವೋ ಆಟ ಬೇಕಿತ್ತು. ಅದೂ ಆದಷ್ಟು ಕಡಿಮೆ ಚಿಪ್‌ಗಳಲ್ಲಿ. ಕೆಲಸ ಒಪ್ಪಿಕೊಂಡದ್ದು ಜಾಬ್ಸ್. ಮಾಡಿದ್ದು ಗೆಳೆಯ ಸ್ಟೀವ್ ವೋಜ್ನಿಯಾಕ್. ಹಗಲು ಎಚ್‌ಪಿಯಲ್ಲಿ ಸ್ವಂತ ಕೆಲಸ, ರಾತ್ರಿ ಅಟಾರಿಯಲ್ಲಿ ಇದು. ನಾಲ್ಕು ದಿನ ಸರಿಯಾಗಿ ನಿದ್ದೆ ಇಲ್ಲದೆ ಮುಗಿಸಿದರು. ಸಿಕ್ಕಿದ್ದು 700 ಡಾಲರ್ ಅಂತ ಹೇಳಿ ಜಾಬ್ಸ್ ಅವರಿಗೆ 350 ಕೊಟ್ಟರು. ಚಿಪ್ ಉಳಿಸಿದ್ದಕ್ಕೆ ಬೇರೆ ಬೋನಸ್ಸೂ ಬಂದಿತ್ತು. ಅದು ವೋಜ್ನಿಯಾಕ್ ಕಿವಿಗೆ ಬಿದ್ದದ್ದು ಎಷ್ಟೋ ವರ್ಷ ಆದ ಮೇಲೆ. ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ವೋಜ್ನಿಯಾಕ್ ಡಿಸೈನ್ ಎಷ್ಟು ಬಿಗಿಯಾಗಿತ್ತೆಂದರೆ ಫ್ಯಾಕ್ಟರಿಯಲ್ಲಿ ಅದನ್ನು ಹಾಗೇ ತಯಾರಿಸೋಕೆ ಆಗಲಿಲ್ಲ. ಅಟಾರಿಯ ಎಂಜಿನಿಯರುಗಳು ಬೇರೆಯದನ್ನೇ ಮಾಡಿಕೊಂಡು 1976ರಲ್ಲಿ ಆಟ ಬಿಟ್ಟರು. ಅಂದರೆ ಜನ ಆಡಿದ ಬ್ರೇಕೌಟ್‌ನಲ್ಲಿ ವೋಜ್ನಿಯಾಕ್ ಕೈಯೇ ಪೂರ್ತಿ ಇರಲಿಲ್ಲ. ಇನ್ನು ಜಾಬ್ಸ್ ಎಲ್ಲಿಂದ?

1977ರ ಆಪಲ್ 2 ಕಂಪ್ಯೂಟರ್ ಮಾತ್ರ ಆಟಗಳಿಗೆ ನಿಜವಾಗಿ ದೊಡ್ಡದು. ಬಣ್ಣ, ಸದ್ದು, ತಿರುಗಿಸೋ ಪ್ಯಾಡಲ್ ಎಲ್ಲ ಅದರಲ್ಲಿ ಬಂದದ್ದು ಬ್ರೇಕೌಟನ್ನು 'ಬೇಸಿಕ್' ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಆಡಬೇಕು ಅನ್ನೋ ಆಸೆಯಿಂದ ಅಂತ ವೋಜ್ನಿಯಾಕ್ ತಾವೇ ಹೇಳಿಕೊಂಡಿದ್ದಾರೆ. 'ಅಲ್ಟಿಮಾ', 'ವಿಝರ್ಡ್ರಿ' ಮೊದಲು ಬಂದದ್ದು ಆ ಮೆಷಿನ್ ಮೇಲೆ. ಕಂಪ್ಯೂಟರ್ ಕ್ಲಾಸಿಗೆ ಹೋಗಿ ಟೀಚರ್ ಆಚೆ ಹೋದ ತಕ್ಷಣ ನಾವು ಆಡುತ್ತಿದ್ದ 'ಪ್ರಿನ್ಸ್ ಆಫ್ ಪರ್ಷಿಯಾ' ಕೂಡ 1989ರಲ್ಲಿ ಮೊದಲು ಬಂದದ್ದು ಆಪಲ್ 2ಗೆ. ಇದರ ಕೀರ್ತಿ ಜಾಬ್ಸ್‌ಗೆ ಬೇಡವಾ ಅಂದರೆ, ಮೆಷಿನ್ ಮಾರಿದ್ದಕ್ಕೆ ಕೊಡಿ. ಅದರೊಳಗಿನ ಆಟದ ಹುಚ್ಚು ವೋಜ್ನಿಯಾಕ್‌ದು.

ಆಮೇಲೆ ಜಾಬ್ಸ್ ಆಟಗಳಿಂದ ದೂರವೇ ಇದ್ದರು. 1984ರಲ್ಲಿ ಮ್ಯಾಕ್ ಕಂಪ್ಯೂಟರ್ ಬಂದಾಗ ಎಲ್ಲಿ ಇದನ್ನು ಆಟದ ಸಾಮಾನು ಅಂದುಬಿಡುತ್ತಾರೋ ಅನ್ನೋ ಭಯ ಆಪಲ್‌ಗೆ. ಆಪಲ್ ಬಿಟ್ಟ ಮೇಲೆ ಅವರು ಕಟ್ಟಿದ ನೆಕ್ಸ್ಟ್ ಕಂಪ್ಯೂಟರುಗಳ ಮೇಲೇ 1993ರ 'ಡೂಮ್' ತಯಾರಾಯಿತು. ಶೂಟಿಂಗ್ ಆಟಗಳಿಗೆಲ್ಲ ಅಜ್ಜ ಅಂತಾರಲ್ಲ, ಅದೇ ಡೂಮ್. ಅದನ್ನು ಬರೆದ ಜಾನ್ ಕಾರ್ಮ್ಯಾಕ್, ಆಟದಲ್ಲಿ 'ನೆಕ್ಸ್ಟ್ ಮೇಲೆ ತಯಾರಿಸಿದ್ದು' ಅಂತ ಹಾಕಿಕೊಳ್ಳಲಾ ಅಂತ ಕೇಳಿಸಿದರೆ ಬೇಡ ಅಂತ ಉತ್ತರ ಬಂತು. ಆಮೇಲೆ ಜಾಬ್ಸ್ ಮನಸ್ಸು ಬದಲಾಯಿಸಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ತಮ್ಮ ಕಂಪ್ಯೂಟರುಗಳಿಗೆ ಆಟಗಳು ಇಷ್ಟು ಮುಖ್ಯ ಆಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನೋ ಭಾವನೆ ಅವರಿಗಿತ್ತು ಅಂತ ಕಾರ್ಮ್ಯಾಕ್ 2018ರಲ್ಲಿ ಬರೆದಿದ್ದಾರೆ. ಹತ್ತಿರದಿಂದ ನೋಡಿದವರ ಮಾತು. ನಾನಂತೂ ನಂಬುತ್ತೇನೆ.

'ಹೇಲೋ' ಅನ್ನೋ ಆಟದ ಕಥೆ ಕೂಡ ಅಷ್ಟೇ. 1999ರ ಜುಲೈನಲ್ಲಿ ಅದನ್ನು ಮ್ಯಾಕ್‌ವರ್ಲ್ಡ್ ಅನ್ನೋ ಆಪಲ್ ಮೇಳದ ವೇದಿಕೆ ಮೇಲೆ ಲೋಕಕ್ಕೆ ತೋರಿಸಿದ್ದೇ ಜಾಬ್ಸ್. ಮರುವರ್ಷ ಜೂನ್‌ನಲ್ಲಿ ಅದನ್ನು ಮಾಡುತ್ತಿದ್ದ ಬಂಗೀ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2001ರಲ್ಲಿ ಅವರ ಎಕ್ಸ್‌ಬಾಕ್ಸ್ ಗೇಮ್ ಮೆಷಿನ್ ಎದ್ದು ನಿಂತದ್ದೇ ಆ ಆಟದ ಬಲದಿಂದ. ಜಾಬ್ಸ್ ಕೆಂಡಾಮಂಡಲ ಆದರಂತೆ. ಕೈಲಿದ್ದಾಗ ಕೊಂಡುಕೊಳ್ಳಬೇಕಿತ್ತು, ಇನ್ನೇನು.

ಇಲ್ಲಿಗೆ ನಿಲ್ಲಿಸಿದ್ದರೆ ನಿಮ್ಮ ರೂಮ್‌ಮೇಟ್ ಪೂರ್ತಿ ಸೋತ ಹಾಗೆ. ಆದರೆ 2007 ಇದೆ, ಐಫೋನ್ ಬಂದ ವರ್ಷ.

ಅದಕ್ಕೆ ಮುಂಚೆ ಫೋನಿನಲ್ಲಿ ಆಟ ಅಂದರೆ ಹೇಗಿತ್ತು ಅಂತ ನೆನಪಿದೆಯಾ? ಆಗ ನನ್ನ ಅಂಗಡಿಯ ಮುಖ್ಯ ದುಡಿಮೆ ರಿಪೇರಿ ಅಲ್ಲ, 'ಡೌನ್‌ಲೋಡಿಂಗ್'. ಹುಡುಗರು ಮೆಮೊರಿ ಕಾರ್ಡ್ ಬಿಚ್ಚಿ ಕೌಂಟರ್ ಮೇಲೆ ಇಡೋರು. ಕಾರ್ಡ್ ರೀಡರ್‌ಗೆ ಹಾಕಿ ಹಾಡು, ವಾಲ್‌ಪೇಪರ್, ಒಂದಷ್ಟು ಜಾವಾ ಗೇಮ್ ತುಂಬಿಸಿ ಕೊಟ್ಟರೆ ಐವತ್ತು ರೂಪಾಯಿ. ಗೇಮ್‌ಗಳಿಗೆ ಬೇರೆ ಬೇರೆ ಫೋಲ್ಡರ್: 128 ಬೈ 160, 176 ಬೈ 220, 240 ಬೈ 320. ಇವೆಲ್ಲ ಸ್ಕ್ರೀನ್ ಅಳತೆ. ಒಂದೇ ಕಾರ್ ರೇಸ್ ಮೂರೂ ಫೋಲ್ಡರಿನಲ್ಲಿ ಇರೋದು. ತಪ್ಪಿ ಚಿಕ್ಕ ಅಳತೆಯದು ಹಾಕಿದರೆ ದೊಡ್ಡ ಸ್ಕ್ರೀನಿನ ಮೂಲೆಯಲ್ಲಿ ಮಾತ್ರ ಕಾರು ಓಡೋದು, ಉಳಿದದ್ದೆಲ್ಲ ಬಿಳಿ. ನೋಕಿಯಾದಲ್ಲಿ ಓಡಿದ್ದು ಚೈನಾ ಸೆಟ್‌ನಲ್ಲಿ ತೆರೆಯುತ್ತಲೇ ಇರಲಿಲ್ಲ. ಇದು ನನಗೆ ತಲೆನೋವು ಅಂದರೆ, ಗೇಮ್ ಮಾಡೋ ಕಂಪನಿಗೆ ಎಷ್ಟಿರಬೇಡ! ಒಂದು ಆಟವನ್ನು ಹತ್ತಾರು ಮಾಡೆಲ್‌ಗಳಿಗೆ ಬೇರೆ ಬೇರೆಯಾಗಿ ಹೊಂದಿಸಬೇಕು. ಆಮೇಲೆ ಮೊಬೈಲ್ ಆಪರೇಟರ್‌ಗಳ ಬಾಗಿಲು ಕಾಯಬೇಕು. ಅವರ ಪೋರ್ಟಲ್‌ನಲ್ಲಿ ಜಾಗ ಸಿಕ್ಕರೂ ದುಡ್ಡಿನಲ್ಲಿ ದೊಡ್ಡ ಪಾಲು ಅವರದೇ. ನನ್ನಂಥ ಅಂಗಡಿಗಳಿಂದ ಗೇಮ್ ಮಾಡಿದವರಿಗೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಐಫೋನ್ ಇದರಲ್ಲಿ ಮೂರನ್ನು ಬದಲಿಸಿತು. ಒಂದು ಗ್ಲಾಸ್. ಆಗಿನ ಅಗ್ಗದ ಟಚ್ ಫೋನ್‌ಗಳಲ್ಲಿ ಇದ್ದದ್ದು ರೆಸಿಸ್ಟಿವ್ ಟಚ್. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ, ಕೆಳಗೊಂದು ಪದರ. ಒತ್ತಿದಾಗ ಎರಡೂ ತಾಗಬೇಕು, ಆಗಲೇ ಫೋನಿಗೆ ಗೊತ್ತಾಗೋದು. ಉಗುರಿನಿಂದಲೋ ಕಡ್ಡಿಯಿಂದಲೋ ಒತ್ತಬೇಕು, ಅದೂ ಒಂದು ಸಲಕ್ಕೆ ಒಂದೇ ಕಡೆ. ಹಣ್ಣು ಕತ್ತರಿಸೋ ಆಟವನ್ನು ಅದರ ಮೇಲೆ ಆಡಿ ನೋಡಿ, ಬೆರಳು ಎಳೆದ ಗೆರೆ ಅರ್ಧಕ್ಕೇ ಕಡಿದುಹೋಗುತ್ತದೆ. ಐಫೋನಿನ ಕೆಪಾಸಿಟಿವ್ ಗ್ಲಾಸ್ ಬೆರಳು ಸುಮ್ನೆ ತಾಗಿದರೆ ಸಾಕು ಗುರುತಿಸುತ್ತದೆ, ಎರಡು ಮೂರು ಬೆರಳನ್ನೂ ಒಟ್ಟಿಗೆ. ಇದು ಆಪಲ್ ಕಂಡುಹಿಡಿದದ್ದಲ್ಲ. ಎಲ್‌ಜಿ ಪ್ರಾಡಾ ಫೋನ್ ಅದಕ್ಕಿಂತ ಸ್ವಲ್ಪ ಮುಂಚೆಯೇ ಇಂಥ ಗ್ಲಾಸ್ ತೋರಿಸಿತ್ತು. ಬಹುಬೆರಳಿನ ತಂತ್ರಕ್ಕಾಗಿ ಆಪಲ್ ಫಿಂಗರ್‌ವರ್ಕ್ಸ್ ಅನ್ನೋ ಸಣ್ಣ ಕಂಪನಿಯನ್ನು 2005ರಲ್ಲಿ ಕೊಂಡಿತ್ತು. ಆದರೆ ಕಡ್ಡಿಯೂ ಬೇಡ, ಕೀಪ್ಯಾಡೂ ಬೇಡ, ಬರೀ ಬೆರಳು ಸಾಕು ಅಂತ ಹಟ ಹಿಡಿದದ್ದು ಜಾಬ್ಸ್. 2009ರ 'ಆಂಗ್ರಿ ಬರ್ಡ್ಸ್', 2010ರ 'ಫ್ರೂಟ್ ನಿಂಜಾ', 2011ರ 'ಟೆಂಪಲ್ ರನ್' ಮೂರೂ ಮೊದಲು ಐಫೋನಿಗೇ ಬಂದವು. ಮೂರರಲ್ಲೂ ಬಟನ್ ಇಲ್ಲ, ಎಳೆಯೋದು, ಸವರೋದು, ವಾಲಿಸೋದು ಅಷ್ಟೆ.

ಎರಡು, ಅಳತೆ. ಮೊದಲ ಮೂರು ವರ್ಷ ಎಲ್ಲ ಐಫೋನಿಗೂ ಒಂದೇ ಸ್ಕ್ರೀನ್. ಮನೆಯಲ್ಲಿ ಕೂತ ಇಬ್ಬರು ಮೂವರು ಕೂಡ ಒಂದು ಆಟ ಮಾಡಿ ಮುಗಿಸಬಹುದಾಯಿತು.

ಮೂರನೆಯದು ಅಂಗಡಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. 2008ರ ಜುಲೈ 10ಕ್ಕೆ ಆಪ್ ಸ್ಟೋರ್ ತೆರೆಯಿತು, ಸುಮಾರು 500 ಆಪ್‌ಗಳೊಂದಿಗೆ. ಯಾರು ಬೇಕಾದರೂ ಆಟ ಮಾಡಿ ಇಡಬಹುದು. ಆಗಿನ ಲೆಕ್ಕ ನೂರಕ್ಕೆ ಎಪ್ಪತ್ತು ಮಾಡಿದವರಿಗೆ, ಮೂವತ್ತು ಆಪಲ್‌ಗೆ. ನಮ್ಮೂರಿನ ಬೆಲ್ಲದ ಮಂಡಿ ಇದ್ದ ಹಾಗೆ. ಆಲೆಮನೆ ಯಾರದ್ದೇ ಇರಲಿ, ಬೆಲ್ಲ ಮಂಡಿಗೆ ಬಂತೆಂದರೆ ಕಮಿಷನ್ ಮುರಿದುಕೊಂಡೇ ಕೈಗೆ ದುಡ್ಡು. ಮೂವತ್ತು ಜಾಸ್ತಿ ಅಂತ ಈಗ ಕೂಗಾಡುತ್ತಾರೆ. ಆಪರೇಟರ್‌ಗಳ ಕಾಲ ಕಂಡವರಿಗೆ ಆಗ ಅದು ಹಬ್ಬ.

ಇಷ್ಟಾದರೂ ಜಾಬ್ಸ್‌ಗೆ ಮೊದಲು ಈ ಅಂಗಡಿಯೇ ಬೇಕಿರಲಿಲ್ಲ. ಹೊರಗಿನವರ ಆಪ್ ಒಳಗೆ ಬಿಟ್ಟರೆ ಫೋನ್ ಹಾಳಾಗುತ್ತೆ ಅನ್ನೋ ಅನುಮಾನ. 2007ರಲ್ಲಿ ಡೆವಲಪರ್‌ಗಳಿಗೆ, ವೆಬ್ ಪುಟದಲ್ಲೇ ಏನು ಬೇಕೋ ಮಾಡಿಕೊಳ್ಳಿ ಅಂದಿದ್ದರು. ಒಳಗಿನವರು ದುಂಬಾಲು ಬಿದ್ದ ಮೇಲೆ ಒಪ್ಪಿದ್ದು. ಒಪ್ಪಿದ ಮೇಲೆ ಮಾತು ಹೇಗೆ ತಿರುಗಿತು ನೋಡಿ. 2010ರ ಸೆಪ್ಟೆಂಬರ್‌ನಲ್ಲಿ ಅದೇ ಮನುಷ್ಯ ವೇದಿಕೆ ಹತ್ತಿ, ನಮ್ಮ ಐಪಾಡ್ ಟಚ್ ನಿಂಟೆಂಡೊ ಮತ್ತು ಸೋನಿ ಕೈಗೇಮ್‌ಗಳೆರಡನ್ನೂ ಸೇರಿಸಿದರೂ ಅದಕ್ಕಿಂತ ಜಾಸ್ತಿ ಮಾರುತ್ತಿದೆ ಅಂತ ಹೆಮ್ಮೆಪಟ್ಟರು.

ಮಂಡ್ಯದಲ್ಲಿ ಯಾರ ಹತ್ತಿರ ಐಫೋನ್ ಇತ್ತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2008ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಾಗ ಅದರ ಬೆಲೆ 31,000 ರೂಪಾಯಿ. ನನ್ನ ಕೌಂಟರ್‌ಗೆ ಐಫೋನ್ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಆದರೆ ಆ ಅಚ್ಚು ಬಂತು. ಗೂಗಲ್ ಮೊದಲು ತಯಾರಿಸುತ್ತಿದ್ದ ಆಂಡ್ರಾಯ್ಡ್ ಫೋನಿಗೆ ಬ್ಲ್ಯಾಕ್‌ಬೆರಿ ತರಹ ಕೀಬೋರ್ಡ್ ಇತ್ತು. ಐಫೋನ್ ನೋಡಿದ ಮೇಲೆ ಯೋಜನೆ ತಿರುಗಿಸಿ ಟಚ್‌ಗೆ ಬಂದರು. 2008ರ ಅಕ್ಟೋಬರ್‌ನಲ್ಲಿ ಅವರದೂ ಆಪ್ ಅಂಗಡಿ ಶುರು. ಆಮೇಲೆ ಆರೇಳು ಸಾವಿರದ ಆಂಡ್ರಾಯ್ಡ್ ಸೆಟ್‌ಗಳು ಊರು ತುಂಬಿದವು. ನನ್ನ ಐವತ್ತು ರೂಪಾಯಿ ಡೌನ್‌ಲೋಡಿಂಗ್ ಮೊದಲು ಗೇಮ್‌ನಲ್ಲಿ ಕಡಿಮೆ ಆಯಿತು, 2016ರಲ್ಲಿ ಜಿಯೋ ಬಂದ ಮೇಲೆ ಹಾಡಿನಲ್ಲೂ ಪೂರ್ತಿ ನಿಂತುಹೋಯಿತು. ಕಾರ್ಡ್ ರೀಡರ್ ಇನ್ನೂ ಡ್ರಾದಲ್ಲಿದೆ, ಸುಮ್ನೆ.

ಬದಲಿಗೆ ಬೇರೆ ಕೆಲಸ ಬಂತು. 2018ರಲ್ಲಿ ಪಬ್ಜಿ ಬಂದ ಮೇಲೆ ಕಾಲೇಜು ಹುಡುಗರ ಫೋನ್ ಕೈಗೆ ತೆಗೆದುಕೊಂಡರೆ ಹೇಳಿಬಿಡುತ್ತಿದ್ದೆ. ಅಡ್ಡ ಹಿಡಿದಾಗ ಎಡಗಡೆ ಕೆಳಗಿನ ಮೂಲೆಯಲ್ಲಿ ಟೆಂಪರ್ ಗ್ಲಾಸ್ ಉಂಗುರದ ಆಕಾರಕ್ಕೆ ಮಾಸಿರೋದು. ಅದು ಹೆಬ್ಬೆರಳು ಇಟ್ಟು ಓಡಿಸೋ ಜಾಗ. ಚಾರ್ಜಿಗೆ ಹಾಕಿಕೊಂಡೇ ಆಡಿ ಪಿನ್ ಸಡಿಲ. "ಅಣ್ಣೋ, ಟಚ್ ಸರ್ಯಾಗಿ ಹಿಡೀತಿಲ್ಲ, ಒಸಿ ನೋಡಣ್ಣ" ಅಂತ ಬರೋರು. ಆ ಆಟದ ಮೂಲ ಕೊರಿಯಾ, ಮೊಬೈಲ್‌ಗೆ ತಂದದ್ದು ಚೀನಾದ ಟೆನ್ಸೆಂಟ್, ಓಡಿಸಿದ್ದು ಜಿಯೋದ ಅಗ್ಗದ ಡೇಟಾ. ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ಕ್ಕೆ. ಆದರೂ ಆ ಮಾಸಿದ ಉಂಗುರದಲ್ಲಿ ಅವರ ಪಾಲು ಸ್ವಲ್ಪ ಇದೆ ಅಂತಲೇ ನನ್ನ ಅನಿಸಿಕೆ.

ಕೆಟ್ಟದ್ದರಲ್ಲೂ ಪಾಲಿದೆ. 2009ರಲ್ಲಿ ಆಪಲ್ ಆಟದೊಳಗೇ ದುಡ್ಡು ಕಟ್ಟೋ ವ್ಯವಸ್ಥೆ ತಂದಿತು. ಅದೇ ಅಕ್ಟೋಬರ್‌ನಲ್ಲಿ ಫ್ರೀ ಆಪ್‌ಗಳಲ್ಲೂ ಅದನ್ನು ಬಿಟ್ಟಿತು. ಅಲ್ಲಿಂದ ಆಟದ ಬೆಲೆ ಸೊನ್ನೆ, ಒಳಗಿನ ರತ್ನ, ನಾಣ್ಯ, ಬಟ್ಟೆಗೆ ಮಾತ್ರ ದುಡ್ಡು ಅನ್ನೋ ವ್ಯಾಪಾರ ಬೆಳೆಯಿತು. ಹಳ್ಳಿಯಿಂದ ಒಬ್ಬರು ಮಗನ ಫೋನ್ ತಂದು ಕೌಂಟರ್ ಮೇಲಿಟ್ಟು, "ಆಟ ಪುಕ್ಸಟ್ಟೆ ಅಂತಾನೆ ಕಣಣ್ಣ, ಮತ್ತೆ ಬ್ಯಾಂಕಲ್ಲಿ ದುಡ್ಡು ಯಾಕ್ ಕಟ್ಟಾಯ್ತು?" ಅಂತ ಕೇಳಿದ್ದರು. ಪರ್ಚೇಸ್ ಹಿಸ್ಟರಿ ತೆಗೆದು ಒಂದೊಂದೇ ಓದಿ ಹೇಳಿದೆ. ಎಲ್ಲ ಸಣ್ಣ ಸಣ್ಣ ಮೊತ್ತ, ಆದರೆ ಪಟ್ಟಿ ಕೆಳಗೆ ಹೋಗ್ತಾನೇ ಇತ್ತು. ಮಗ ನೆಲ ನೋಡುತ್ತಾ ನಿಂತಿದ್ದ. ಪಾಸ್‌ವರ್ಡ್ ಲಾಕ್ ಹಾಕಿಕೊಟ್ಟು ಕಳಿಸಿದೆ.

ಪ್ಲೇಸ್ಟೇಷನ್, ಪಿಸಿ ಗೇಮಿಂಗ್ ಕಡೆ ಜಾಬ್ಸ್ ಪ್ರಭಾವ ಹುಡುಕೋಕೆ ಹೋಗಬೇಡಿ. ಅದು ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್ ಕಥೆ.

ಆ ಮೂವತ್ತು ಪರ್ಸೆಂಟ್ ಜಗಳ ಮಾತ್ರ ಮುಗಿದಿಲ್ಲ. 2020ರ ಆಗಸ್ಟ್‌ನಲ್ಲಿ 'ಫೋರ್ಟ್‌ನೈಟ್' ಮಾಡಿದ ಎಪಿಕ್ ಕಂಪನಿ ಕಮಿಷನ್ ತಪ್ಪಿಸಿ ನೇರವಾಗಿ ದುಡ್ಡು ತೆಗೆದುಕೊಳ್ಳೋಕೆ ಹೋಯಿತು. ಅದೇ ದಿನ ಆಪಲ್ ಆಟವನ್ನು ಅಂಗಡಿಯಿಂದ ಕಿತ್ತುಹಾಕಿತು. ಕೇಸ್ ಕೋರ್ಟಿಗೆ ಹೋಗಿ ಹಳೇ ಇಮೇಲ್‌ಗಳೆಲ್ಲ ಹೊರಬಂದವು. ಅದರಲ್ಲಿ 2007ರ ಅಕ್ಟೋಬರ್‌ದು ಒಂದಿದೆ. ಹೊರಗಿನವರಿಗೆ ಆಪ್ ಮಾಡೋಕೆ ಬಿಡೋಣ, ಅದಕ್ಕೆ ಇಂತಿಂಥ ಏರ್ಪಾಡು ಬೇಕು ಅಂತ ಆಪಲ್‌ನ ಬರ್ಟ್ರಂಡ್ ಸೆರ್ಲೆ ಬರೆದಿದ್ದಾರೆ. ಜಾಬ್ಸ್ ಉತ್ತರ ಒಂದೇ ಸಾಲು: ಸರಿ, ಆದರೆ ಜನವರಿ 15ರ ಮ್ಯಾಕ್‌ವರ್ಲ್ಡ್ ಹೊತ್ತಿಗೆ ಎಲ್ಲ ರೆಡಿ ಇರಬೇಕು. ರೆಡಿ ಆಗಲಿಲ್ಲ, ಮಾರ್ಚ್‌ವರೆಗೆ ಎಳೆಯಿತು.